ಬರಿದಾದ ಪೀಪಾಯಿ ಬರಿದಲ್ಲ

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯೂ ಬಳ್ಳಾರಿಯ ಮಾರ್ಗವೂ ಕೂಡುವ ಊರು ಹಿರಿಯೂರು. ಲಾರಿಗಳು ಹಗಲಿರುಳೂ ಸಾಗುವ ಇಂತಹ ಊರುಗಳಲ್ಲಿ ಎಣ್ಣೆಯ ಪೀಪಾಯಿಗಳಿಗೂ ಹಳೆಯ ಲಾರಿಗಳಿಂದ ಕಳಚಿದ ಡೀಸೆಲ್ ಟ್ಯಾಂಕುಗಳಿಗೂ ಎರಡನೆಯ ಜನ್ಮವುಂಟು. ಮೇಲ್ಭಾಗವನ್ನು ಕತ್ತರಿಸಿದರೆ ಕಟ್ಟಡದ ಕೆಲಸಕ್ಕೆ ನೀರಿನ ತೊಟ್ಟಿ. ಪಕ್ಕದಲ್ಲಿ ಬಾಯಿ ತೆರೆದರೆ ಒಲೆ. ಸೋರುವ ಟ್ಯಾಂಕಿಗೆ ಬೆಸುಗೆ ಹಾಕಿದರೆ ಮತ್ತೊಂದು ಲಾರಿಗೆ ಇಂಧನದ ಪಾತ್ರೆ. ಈ ಮಿತವ್ಯಯ ಮೆಚ್ಚತಕ್ಕದ್ದೇ. ಆದರೆ ಬೆಸುಗೆಯ ಜ್ವಾಲೆ ಅದನ್ನು ಮುಟ್ಟುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಪೀಪಾಯಿ ನಿಜವಾಗಿಯೂ ಬರಿದಾಗಿದೆಯೆ?

ಪೆಟ್ರೋಲ್ ದ್ರವರೂಪದಲ್ಲಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಆವಿ ಉರಿಯಲು ಗಾಳಿಯೂ ತಕ್ಕ ಪ್ರಮಾಣದಲ್ಲಿ ಬೆರೆತಿರಬೇಕು. ಮಿಶ್ರಣದ ಗಾತ್ರದಲ್ಲಿ ಪೆಟ್ರೋಲಿನ ಆವಿ ಸುಮಾರು ಶೇಕಡಾ 1.4ಕ್ಕಿಂತ ಕಡಿಮೆಯಿದ್ದರೆ ಅದು ಹೊತ್ತಿಕೊಳ್ಳದು, ಸುಮಾರು 7.6ನ್ನು ಮೀರಿದರೂ ಹೊತ್ತಿಕೊಳ್ಳದು. ಈ ಎರಡರ ನಡುವೆ ಇದ್ದರೆ ಒಂದು ಕಿಡಿ ಸಾಕು. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ಇಲ್ಲಿಯೂ ಒಂದು ಬಗೆಯಲ್ಲಿ ಸಲ್ಲುತ್ತದೆ. ತುಂಬಿದ ಪೀಪಾಯಿಯೊಳಗೆ ಗಾಳಿಗೆ ಎಡೆಯಿಲ್ಲ. ಅದಕ್ಕೆ ಬೆಂಕಿ ತೋರಬಹುದೆಂದು ಇದರ ಅರ್ಥವಲ್ಲ; ಬರಿದಾದುದು ಅದಕ್ಕಿಂತಲೂ ಅಪಾಯಕರವೆಂದಷ್ಟೇ ಅರ್ಥ.

ಲೆಕ್ಕ ಮಾಡಿ ನೋಡೋಣ. 200 ಲೀಟರಿನ ಪೀಪಾಯಿಯಲ್ಲಿ ಶೇಕಡಾ 1.4 ಎಂದರೆ 2.8 ಲೀಟರ್ ಆವಿ. ಒಂದು ಘನ ಸೆಂಟಿಮೀಟರ್ ಪೆಟ್ರೋಲಿನಿಂದ ಸುಮಾರು 180 ಘನ ಸೆಂಟಿಮೀಟರ್ ಆವಿ ಹುಟ್ಟುತ್ತದೆಂದು ಹಿಡಿದರೆ, ಇಷ್ಟು ಆವಿಗೆ ಬೇಕಾದುದು ಸುಮಾರು 16 ಘನ ಸೆಂಟಿಮೀಟರ್, ಅಂದರೆ ಮೂರು ಚಹಾ ಚಮಚ! ಬಗ್ಗಿಸಿ ಸುರಿದ ಮೇಲೂ ಅಂಚಿನ ಮಡಿಕೆಗಳಲ್ಲಿ ಅಷ್ಟು ಉಳಿಯುವುದು ಅಸಂಭವವೇನಲ್ಲ.

ಸ್ಫೋಟದ ಬಲವೆಷ್ಟು? ಪೀಪಾಯಿಯ ಮೇಲ್ಭಾಗದ ವ್ಯಾಸ ಸುಮಾರು 57 ಸೆಂಟಿಮೀಟರ್. ವಿಸ್ತೀರ್ಣ ಸುಮಾರು 2,550 ಚದರ ಸೆಂಟಿಮೀಟರ್. ಒಳಗಿನ ಒತ್ತಡವು ಹೊರಗಿನದಕ್ಕಿಂತ ಒಂದು ವಾತಾವರಣದ ಒತ್ತಡದಷ್ಟು ಹೆಚ್ಚಿದರೂ ಅದರ ಮೇಲೆ ಬೀಳುವ ಬಲ ಎರಡೂವರೆ ಟನ್ನಿನ ಭಾರಕ್ಕೆ ಸಮ. ಕೆಲಸಗಾರನು ಬಾಗಿ ನಿಂತಿರುವುದು ಅದರ ಮೇಲೆಯೇ.

ಡೀಸೆಲ್ ಎಣ್ಣೆಗೆ ಬೆಂಕಿಕಡ್ಡಿ ತಾಗಿಸಿದರೆ ಸುಲಭವಾಗಿ ಹೊತ್ತಿಕೊಳ್ಳದೆಂಬ ಧೈರ್ಯ ಹಲವರಿಗಿದೆ. ಸಾಮಾನ್ಯ ಉಷ್ಣತೆಯಲ್ಲಿ ಅದರಿಂದ ಏಳುವ ಆವಿ ಅತ್ಯಲ್ಪವೆಂಬುದು ದಿಟ. ಆದರೆ ಬೆಸುಗೆಯ ಜ್ವಾಲೆ ತಗಡನ್ನು ಕಾಯಿಸಿದಾಗ ಒಳಗೆ ಅಂಟಿದ ಜಿಡ್ಡು ಆವಿಯಾಗುತ್ತದೆ. ಆವಿಯನ್ನು ಎಬ್ಬಿಸುವುದೂ ಅದೇ ಜ್ವಾಲೆ, ಹೊತ್ತಿಸುವುದೂ ಅದೇ ಜ್ವಾಲೆ.

ಪರಿಹಾರವೇನು? ಬಿರಟೆ ತೆಗೆದು ಬಿಸಿಲಿಗಿಟ್ಟರೆ ಸಾಲದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಾಲು ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ತಣ್ಣೀರಿನಿಂದ ಒಮ್ಮೆ ತೊಳೆದರೂ ಸಾಲದು. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಮೂಗನ್ನು ನಂಬಲಾಗದು. ಬಲ್ಲವರು ಉಗಿ ಹಾಯಿಸಿ ಶುದ್ಧಮಾಡಿ, ಒಳಗಿನ ಗಾಳಿಯನ್ನು ಮಾಪಕದಿಂದ ಪರೀಕ್ಷಿಸಬೇಕು. 2002ರ ಪೆಟ್ರೋಲಿಯಂ ನಿಯಮಗಳೂ, ಅರ್ಹ ವ್ಯಕ್ತಿ ಪರೀಕ್ಷಿಸಿ ಆವಿಯಿಲ್ಲವೆಂದು ಪ್ರಮಾಣೀಕರಿಸುವ ತನಕ ಇಂತಹ ಪಾತ್ರೆಗಳ ಮೇಲೆ ಬೆಂಕಿಯ ಕೆಲಸ ಕೂಡದೆನ್ನುತ್ತವೆ. ಬರಿಯ ಪೀಪಾಯಿಯನ್ನು ಸಾಗಿಸುವಾಗಲೂ ಬಿರಟೆ ಬಿಗಿದು, ತೆರೆದ ಬಂಡಿಯಲ್ಲಿ ನಿಲ್ಲಿಸಿ ಕಟ್ಟಬೇಕು. ಬಳಿಯಲ್ಲಿ ಬೀಡಿ ಸೇದಬಾರದು. ಎಣ್ಣೆ ಅಥವಾ ರಾಸಾಯನಿಕ ತುಂಬಿದ್ದ ಪೀಪಾಯಿ ಎಷ್ಟು ತೊಳೆದರೂ ಕುಡಿಯುವ ನೀರಿಗೆ ತಕ್ಕುದಲ್ಲ.

ಮನೆಗೆ ಹಳೆಯ ಪೀಪಾಯಿ ಬಂದರೆ ವಿದ್ಯಾರ್ಥಿಗಳು ಮೊದಲು ವಿಚಾರಿಸಬೇಕಾದುದು ಅದರ ಬೆಲೆಯನ್ನಲ್ಲ, ಅದರಲ್ಲಿ ಹಿಂದೆ ಏನಿತ್ತೆಂಬುದನ್ನು. ಅದಕ್ಕೆ ಉತ್ತರ ದೊರೆಯದಿದ್ದರೆ ಅದನ್ನು ಬೆಂಕಿಯ ಬಳಿಗೆ ಒಯ್ಯದಿರುವುದೇ ವಿವೇಕ.