ವಿದ್ಯುತ್ ಕಾರಿನ ಗುಣವೂ ಮಿತಿಯೂ

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಬೀದಿಗಿಳಿದ ‘ರೇವಾ’ ಎಂಬ ಪುಟ್ಟ ವಾಹನವನ್ನು ನೆನಪಿನಲ್ಲಿಟ್ಟುಕೊಂಡಿರುವವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಎರಡು ಬಾಗಿಲು, ಸೀಸದ ಬ್ಯಾಟರಿ, ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರುಗಳ ಓಟ, ಇಷ್ಟು ಅಲ್ಪ ಸಾಧನಸಂಪತ್ತಿನಿಂದ ಚೇತನ್ ಮೈನಿಯವರೂ ಅವರ ಸಂಗಡಿಗರೂ ರೂಪಿಸಿದ ಆ ಕಾರು ‘ಜಿ-ವಿಜ್’ ಎಂಬ ಬೇರೆ ಹೆಸರನ್ನು ಧರಿಸಿ ಲಂಡನ್ ನಗರದ ಬೀದಿಗಳವರೆಗೂ ಹೋಯಿತು. ಮುಂದೆ 2017ರಲ್ಲಿ, ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯವೆಂಬ ಕೀರ್ತಿಯೂ ಕರ್ನಾಟಕಕ್ಕೇ ಸಂದಿತು. ಆದುದರಿಂದ ವಿಷಯವು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಆದರೂ ಇಂದು ಹಸಿರು ಬಣ್ಣದ ನಂಬರುಫಲಕವುಳ್ಳ ಕಾರುಗಳು ಬೀದಿಬೀದಿಯಲ್ಲಿ ಕಾಣಿಸಿಕೊಳ್ಳುತ್ತಿರುವಾಗ, ಇವುಗಳಿಂದ ಪ್ರಕೃತಿಗೆ ನಿಜವಾಗಿ ಎಷ್ಟು ಉಪಕಾರವಾಗುತ್ತದೆ ಎಂಬ ಪ್ರಶ್ನೆಗೆ ಸ್ತುತಿಯೂ ನಿಂದೆಯೂ ದೊರೆಯುವಷ್ಟು ಸುಲಭವಾಗಿ ಲೆಕ್ಕವು ದೊರೆಯುವುದಿಲ್ಲ. ಆ ಲೆಕ್ಕವನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಮಾಡಿ ನೋಡುವುದೇ ಈ ಲೇಖನದ ಉದ್ದೇಶ.

ವಿದ್ಯುತ್ ವಾಹನವು ಪೆಟ್ರೋಲ್ ವಾಹನಕ್ಕಿಂತ ಕಿರಿಯದೆಂದು ಭಾವಿಸುವುದು ಸರಿಯಲ್ಲ. ಫ್ರಾನ್ಸಿನ ಗಸ್ಟೋನ್ ಪ್ಲಾಂಟೆ ಎಂಬ ವಿಜ್ಞಾನಿಯು ಮರಳಿ ಮರಳಿ ತುಂಬಿಸಬಹುದಾದ ಸೀಸದ ಬ್ಯಾಟರಿಯನ್ನು 1859ರಲ್ಲಿಯೇ ನಿರ್ಮಿಸಿದ್ದನು. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊಟ್ಟಮೊದಲು ಮೀರಿದ ಕಾರು, 1899ರಲ್ಲಿ ಪ್ಯಾರಿಸ್ಸಿನ ಸಮೀಪದಲ್ಲಿ ಬೆಲ್ಜಿಯಂ ದೇಶದ ಕಮೀಯ್ ಜೆನಾಟ್ಸಿಯು ಓಡಿಸಿದ ವಿದ್ಯುತ್ ಕಾರೇ ಹೊರತು ಬೇರೆಯಲ್ಲ. ಅದರ ನಂತರದ ದಶಕಗಳಲ್ಲಿ ಅಗ್ಗದ ಪೆಟ್ರೋಲು, ಹೆನ್ರಿ ಫೋರ್ಡನ ಕಾರ್ಖಾನೆಯ ಅಗ್ಗದ ಕಾರು, ಮತ್ತು ಕೈಯಿಂದ ಹಿಡಿ ತಿರುಗಿಸಿ ಎಂಜಿನನ್ನು ಚಾಲೂ ಮಾಡುವ ಕಷ್ಟವನ್ನು ನಿವಾರಿಸಿದ, 1912ರಲ್ಲಿ ಬಳಕೆಗೆ ಬಂದ ವಿದ್ಯುತ್ ಸ್ಟಾರ್ಟರು, ಈ ಮೂರೂ ಸೇರಿ ವಿದ್ಯುತ್ ಕಾರನ್ನು ಹಿಂದಕ್ಕೆ ತಳ್ಳಿದುವು. ಅದು ಮರಳಿ ಬರಬೇಕಾದರೆ ಲಿಥಿಯಂ-ಅಯಾನ್ ಬ್ಯಾಟರಿಯು ಹುಟ್ಟಬೇಕಾಯಿತು. ಆ ಬ್ಯಾಟರಿಗೆ ತಳಹದಿ ಹಾಕಿದ ವಿಟಿಂಗ್‌ಹ್ಯಾಂ, ಗುಡಿನಫ್ ಮತ್ತು ಯೋಷಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆತುದು ಸರ್ವವಿದಿತವಾಗಿದೆ.

ಈ ಎರಡು ಬಗೆಯ ಕಾರುಗಳ ಗುಣಾವಗುಣಗಳೆಲ್ಲವೂ ಎರಡು ಸಂಖ್ಯೆಗಳಲ್ಲಿ ಬೀಜರೂಪವಾಗಿ ಅಡಗಿವೆ. ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ, ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿಯೇ ಹೇಳುವುದಾದರೆ, ಸುಮಾರು 12 ಯೂನಿಟ್ ಶಕ್ತಿಯು ಸಂಗ್ರಹವಾಗಿದೆ. ಕಾರಿನಲ್ಲಿ ಜೋಡಿಸಿರುವ ಬ್ಯಾಟರಿಯಲ್ಲಾದರೋ, ಅದರ ಪೆಟ್ಟಿಗೆ, ತಂತಿ, ತಂಪುಗೊಳಿಸುವ ವ್ಯವಸ್ಥೆ ಎಲ್ಲವನ್ನೂ ಸೇರಿಸಿ ತೂಗಿದರೆ, ಒಂದು ಕಿಲೋಗ್ರಾಮಿಗೆ ಯೂನಿಟ್ಟಿನ ಆರನೆಯ ಅಥವಾ ಏಳನೆಯ ಒಂದು ಭಾಗ ಮಾತ್ರ ಸಿಕ್ಕುತ್ತದೆ. ಮೇಲುನೋಟಕ್ಕೆ ಇದು ಎಂಬತ್ತು ಪಟ್ಟಿನ ಅಂತರ. ಆದರೆ ಪೆಟ್ರೋಲ್ ಎಂಜಿನ್ನು ಉಷ್ಣಯಂತ್ರ. ಶಾಖದಿಂದ ಚಲನೆಯನ್ನು ಪಡೆಯುವ ಯಾವ ಯಂತ್ರವಾದರೂ ತನಗೆ ದೊರೆತ ಶಕ್ತಿಯನ್ನೆಲ್ಲ ಕೆಲಸವಾಗಿ ಪರಿವರ್ತಿಸಲಾರದೆಂಬುದನ್ನು ಸಾದಿ ಕಾರ್ನೋ 1824ರಲ್ಲಿಯೇ ತೋರಿಸಿಕೊಟ್ಟಿದ್ದಾನೆ. ನಗರದಲ್ಲಿ ಓಡುವ ಸಾಧಾರಣ ಪೆಟ್ರೋಲ್ ಕಾರು ತನ್ನ ಇಂಧನದ ನಾಲ್ಕರಲ್ಲಿ ಒಂದು ಪಾಲನ್ನೋ ಐದರಲ್ಲಿ ಒಂದು ಪಾಲನ್ನೋ ಚಕ್ರಕ್ಕೆ ಮುಟ್ಟಿಸಿ, ಮಿಕ್ಕುದನ್ನು ಬಿಸಿಯಾಗಿ ಹೊರಚೆಲ್ಲುತ್ತದೆ. ವಿದ್ಯುತ್ ಮೋಟಾರಿಗೆ ಈ ಉಷ್ಣದ ಕಟ್ಟಳೆಯಿಲ್ಲವಾದ್ದರಿಂದ, ಬ್ಯಾಟರಿಯಿಂದ ಹೊರಟ ಶಕ್ತಿಯಲ್ಲಿ ಶೇಕಡ 85ಕ್ಕೂ ಹೆಚ್ಚು ಪಾಲು ಚಕ್ರವನ್ನು ಸೇರುವುದುಂಟು. ಹೀಗಾಗಿ 40 ಲೀಟರ್ ಪೆಟ್ರೋಲು ಹಿಡಿಯುವ ಕಾರು 600 ಕಿಲೋಮೀಟರು ಓಡುವಲ್ಲಿ, 30 ಯೂನಿಟ್ಟಿನ ಬ್ಯಾಟರಿಯುಳ್ಳ ಸಣ್ಣ ಕಾರು 200 ಕಿಲೋಮೀಟರಿನ ಸುಮಾರಿಗೆ ನಿಲ್ಲುತ್ತದೆ. ಅಷ್ಟಕ್ಕಾಗಿ ಅದು 200 ಕಿಲೋಗ್ರಾಮಿಗೂ ಮಿಗಿಲಾದ ಬ್ಯಾಟರಿಯನ್ನು ಸದಾಕಾಲವೂ ಹೊತ್ತು ತಿರುಗಬೇಕು.

ಭಾರವು ದೋಷವಾದರೂ ಅದಕ್ಕೆ ಪರಿಹಾರವೊಂದುಂಟು. ಚಲಿಸುತ್ತಿರುವ ವಿದ್ಯುತ್ ಕಾರಿನ ವೇಗವನ್ನು ತಗ್ಗಿಸುವಾಗ ಅದರ ಮೋಟಾರೇ ಜನರೇಟರಾಗಿ ಮಾರ್ಪಟ್ಟು, ಬ್ರೇಕಿನಲ್ಲಿ ಸವೆದು ಹೋಗಬೇಕಾಗಿದ್ದ ಶಕ್ತಿಯನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ. ನಮ್ಮ ಘಟ್ಟಗಳ ರಸ್ತೆಯಲ್ಲಿ ಇದರ ಪರಿಣಾಮವನ್ನು ಸ್ಫುಟವಾಗಿ ಕಾಣಬಹುದು. 1500 ಕಿಲೋಗ್ರಾಂ ತೂಕದ ಕಾರನ್ನು 800 ಮೀಟರ್ ಎತ್ತರಕ್ಕೆ ಏರಿಸಬೇಕಾದರೆ, ಗುರುತ್ವಾಕರ್ಷಣೆಯೊಂದನ್ನೇ ಎದುರಿಸುವುದಕ್ಕೆ ಸುಮಾರು ಮೂರೂಕಾಲು ಯೂನಿಟ್ ಶಕ್ತಿಯು ವ್ಯಯವಾಗುತ್ತದೆ. ಎಂದರೆ ಮೇಲೆ ಹೇಳಿದ ಬ್ಯಾಟರಿಯ ಒಂಬತ್ತನೆಯ ಒಂದು ಭಾಗ. ಕರಾವಳಿಯಿಂದ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಏರಿಬಂದವರು, ಬ್ಯಾಟರಿಯ ಚಾರ್ಜಿನ ತೋರುಮುಳ್ಳು ಇದ್ದಕ್ಕಿದ್ದಂತೆ ಇಳಿದುದನ್ನು ಕಂಡು ಗಾಬರಿಗೊಳ್ಳುವುದಕ್ಕೆ ಇದೇ ಕಾರಣ. ಅದೇ ಘಟ್ಟವನ್ನು ಇಳಿಯುವಾಗ ಆ ಶಕ್ತಿಯ ಗಣನೀಯವಾದ ಪಾಲು ಮರಳಿ ಬರುತ್ತದೆ. ಇಲ್ಲಿ ಚಾಲಕರು ತಿಳಿದಿರಬೇಕಾದ ಸೂಕ್ಷ್ಮವೊಂದಿದೆ: ಘಟ್ಟದ ತುದಿಯಲ್ಲಿ ಬ್ಯಾಟರಿಯು ಪೂರ್ಣವಾಗಿ ತುಂಬಿದ್ದರೆ ಹಿಂದಿರುಗುವ ಶಕ್ತಿಗೆ ಸ್ಥಳವೇ ಇರುವುದಿಲ್ಲವಾದ್ದರಿಂದ, ಇಳಿಜಾರಿನ ಮೊದಲಲ್ಲಿಯೇ ಚಾರ್ಜು ಮಾಡುವವರು ಕೊಂಚ ಜಾಗವನ್ನು ಉಳಿಸಿಕೊಳ್ಳುವುದು ಲೇಸು.

ಇನ್ನು ಹೊಗೆಯ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿನಲ್ಲಿ ಇದು ಕಿಲೋಮೀಟರಿಗೆ 153 ಗ್ರಾಂ. ಕಚ್ಚಾತೈಲವನ್ನು ಭೂಮಿಯಿಂದ ತೆಗೆದು, ಹಡಗಿನಲ್ಲಿ ಸಾಗಿಸಿ, ಶುದ್ಧೀಕರಿಸಿ ಬಂಕಿಗೆ ತಲುಪಿಸುವಾಗಿನ ಹೊಗೆಯನ್ನೂ ಐದನೆಯ ಒಂದು ಪಾಲೆಂದು ಕೂಡಿಸಿದರೆ ಸುಮಾರು 185 ಗ್ರಾಂ ಆಗುತ್ತದೆ. ವಿದ್ಯುತ್ ಕಾರಿಗೆ ಹೊಗೆಯ ಕೊಳವೆಯೇ ಇಲ್ಲವೆಂಬುದು ನಿಜ. ಆದರೆ ಭಾರತದ ವಿದ್ಯುತ್ತಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮೀರಿದ ಪಾಲು ಕಲ್ಲಿದ್ದಲಿನಿಂದಲೇ ಹುಟ್ಟುತ್ತಿರುವುದರಿಂದ, ದೇಶದ ಸರಾಸರಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಅನಿಲವು ಯಾವುದೋ ಊರಿನ ಚಿಮಣಿಯಿಂದ ಆಕಾಶವನ್ನು ಸೇರಿರುತ್ತದೆ. ದಾರಿಯಲ್ಲಿ ತಂತಿಗಳಲ್ಲಿ ನಷ್ಟವಾಗುವುದನ್ನೂ ಚಾರ್ಜು ಮಾಡುವಾಗ ಸೋರುವುದನ್ನೂ ಗಣನೆಗೆ ತಂದುಕೊಂಡು, ಯೂನಿಟ್ಟಿಗೆ 6 ಕಿಲೋಮೀಟರಿನ ಓಟವೆಂದು ಹಿಡಿದರೆ, ಕಿಲೋಮೀಟರೊಂದಕ್ಕೆ ಸುಮಾರು 140 ಗ್ರಾಂ ಎಂದಾಗುತ್ತದೆ. ಲಾಭವು ಇಲ್ಲದಿಲ್ಲ, ಆದರೆ ಅದು ಕಾಲುಭಾಗದಷ್ಟೇ ಹೊರತು ಜಾಹೀರಾತುಗಳು ಸೂಚಿಸುವಂತೆ ಸಂಪೂರ್ಣವಾದುದಲ್ಲ. ಅದೇ ಕಾರು ಸೂರ್ಯನ ಬಿಸಿಲಿನಿಂದಲೋ ಶರಾವತಿಯ ನೀರಿನಿಂದಲೋ ಹುಟ್ಟಿದ ವಿದ್ಯುತ್ತಿನಿಂದ ಓಡಿದರೆ ಓಟದ ಹೊಗೆಯು ಶೂನ್ಯಕ್ಕೆ ಸಮೀಪವಾಗುತ್ತದೆ. ಕಾರು ಒಂದೇ, ರಸ್ತೆಯೂ ಒಂದೇ; ವ್ಯತ್ಯಾಸವೆಲ್ಲವೂ ತಂತಿಯ ಆ ತುದಿಯಲ್ಲಿದೆ.

ಈ ಲೆಕ್ಕಕ್ಕೆ ಇನ್ನೊಂದು ಪುಟವನ್ನು ಸೇರಿಸದಿದ್ದರೆ ಅದು ಅಪೂರ್ಣ. ಬ್ಯಾಟರಿಯನ್ನು ತಯಾರಿಸುವುದಕ್ಕೆ ಗಣಿಗಾರಿಕೆ, ಲೋಹಶುದ್ಧಿ, ಒಣಹವೆಯ ಕೋಣೆಗಳು, ಕುಲುಮೆಗಳು ಇವೆಲ್ಲ ಬೇಕಾಗಿ, ಬ್ಯಾಟರಿಯ ಒಂದೊಂದು ಯೂನಿಟ್ ಸಾಮರ್ಥ್ಯಕ್ಕೆ ಸುಮಾರು 60ರಿಂದ 100 ಕಿಲೋಗ್ರಾಂ ಅನಿಲವು ಮೊದಲೇ ಹೊರಬಿದ್ದಿರುತ್ತದೆಂದು ಅಂದಾಜುಮಾಡಲಾಗಿದೆ. ಎಂದಮೇಲೆ 30 ಯೂನಿಟ್ಟಿನ ಬ್ಯಾಟರಿಯುಳ್ಳ ಕಾರು ಅಂಗಡಿಯಿಂದ ಹೊರಡುವಾಗಲೇ ಎರಡು ಮೂರು ಟನ್ನುಗಳ ಸಾಲವನ್ನು ಹೊತ್ತುಕೊಂಡು ಹೊರಡುತ್ತದೆ. ಕಲ್ಲಿದ್ದಲಿನ ಪಾಲು ಹೆಚ್ಚಿರುವ ವಿದ್ಯುತ್ತಿನಲ್ಲಿ ಕಿಲೋಮೀಟರಿಗೆ ಉಳಿಯುವುದು 45 ಗ್ರಾಂ ಮಾತ್ರವಾದ್ದರಿಂದ, ಆ ಸಾಲವು ತೀರಬೇಕಾದರೆ ನಲವತ್ತರಿಂದ ಎಪ್ಪತ್ತು ಸಾವಿರ ಕಿಲೋಮೀಟರುಗಳ ಓಟವು ಬೇಕು. ಸೌರವಿದ್ಯುತ್ತಿನಲ್ಲಾದರೆ ಹತ್ತರಿಂದ ಹದಿನೇಳು ಸಾವಿರ ಸಾಕು. ವರ್ಷಕ್ಕೆ 50,000 ಕಿಲೋಮೀಟರು ಓಡುವ ಟ್ಯಾಕ್ಸಿಯು ಯಾವ ವಿದ್ಯುತ್ತಿನಿಂದಾದರೂ ಒಂದೂವರೆ ವರ್ಷದೊಳಗೆ ಋಣಮುಕ್ತವಾದೀತು. ಭಾನುವಾರ ಮಾತ್ರ ಹೊರಡುವ, ವರ್ಷಕ್ಕೆ 4,000 ಕಿಲೋಮೀಟರನ್ನೂ ಓಡದ ಮನೆಯ ಎರಡನೆಯ ಕಾರು ಬ್ಯಾಟರಿಯ ಆಯುಸ್ಸು ಮುಗಿಯುವವರೆಗೂ ಸಾಲಗಾರನಾಗಿಯೇ ಉಳಿಯಬಹುದು. ವಿದ್ಯುತ್ ಕಾರಿನ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬೇರೊಂದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ದೊಡ್ಡ ಬ್ಯಾಟರಿಯುಳ್ಳ ದೊಡ್ಡ ಕಾರಿಗೆ ಈ ಸಾಲವು ಎರಡು ಮೂರು ಪಟ್ಟಾಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅನಿಲದ ತೂಕದಲ್ಲಿ ಅಳೆಯಲಾಗದ ಸಂಕಟಗಳೂ ಆ ಸಾಲದಲ್ಲಿ ಸೇರಿವೆ. ಅನೇಕ ಬ್ಯಾಟರಿಗಳಲ್ಲಿ ಬಳಸುವ ಕೋಬಾಲ್ಟ್ ಲೋಹದ ಬಹುಪಾಲು ಆಫ್ರಿಕಾದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿನ ಕೆಲವು ಗಣಿಗಳಲ್ಲಿ ಬಾಲಕರು ಕೈಯಿಂದಲೇ ಅಗೆಯುವ ಸ್ಥಿತಿಯು ಲೋಕಕ್ಕೆ ತಿಳಿದದ್ದೇ. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಉಪ್ಪುನೀರನ್ನು ಬಿಸಿಲಿಗೆ ಆರಿಸಿ ಲಿಥಿಯಮನ್ನು ಪಡೆಯುವಾಗ, ನೀರೇ ದುರ್ಲಭವಾದ ಪ್ರದೇಶದ ಅಂತರ್ಜಲಕ್ಕೆ ಧಕ್ಕೆಯಾಗುತ್ತದೆಂದು ಅಲ್ಲಿಯ ಜನರು ದೂರುತ್ತಿದ್ದಾರೆ. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿಯೂ ಲಿಥಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯವು ಗುರುತಿಸಿದೆ. ಅದರ ಅಂದಾಜು 1,600 ಟನ್ನುಗಳಷ್ಟೇ ಆದ್ದರಿಂದ ಅದನ್ನು ನಂಬಿ ದೊಡ್ಡ ಕನಸು ಕಟ್ಟುವಂತಿಲ್ಲ. ಸಮಾಧಾನದ ಸಂಗತಿಯೆಂದರೆ, ಕೋಬಾಲ್ಟೂ ನಿಕ್ಕಲ್ಲೂ ಇಲ್ಲದೆ ಕಬ್ಬಿಣ ಮತ್ತು ಫಾಸ್ಫೇಟುಗಳಿಂದ ಮಾಡಿದ ಬ್ಯಾಟರಿಗಳು ಈಗ ಭಾರತದ ಅನೇಕ ಕಾರುಗಳಲ್ಲಿ ಬಳಕೆಗೆ ಬಂದಿವೆ. ಅಲ್ಲದೆ ಹಳೆಯ ಬ್ಯಾಟರಿಗಳನ್ನು ಹಿಂಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ.

ನಗರದ ಗಾಳಿಗೆ ಆಗುವ ಉಪಕಾರವು ಇದೆಲ್ಲದರಿಂದ ಬೇರೆಯಾದುದು, ಮತ್ತು ಅದರಲ್ಲಿ ಸಂಶಯಕ್ಕೆ ಎಡೆ ಕಡಿಮೆ. ಸಿಗ್ನಲಿನಲ್ಲಿ ನಿಂತಿರುವ ಪೆಟ್ರೋಲ್ ವಾಹನವು ಒಂದು ಹೆಜ್ಜೆಯನ್ನೂ ಮುಂದಿಡದೆ ಇಂಧನವನ್ನು ಸುಡುತ್ತಿರುತ್ತದೆ. ಅದರ ಕಾರ್ಬನ್ ಮಾನಾಕ್ಸೈಡು, ನೈಟ್ರೋಜನ್ ಆಕ್ಸೈಡುಗಳು, ಸೂಕ್ಷ್ಮವಾದ ಮಸಿ, ಇವು ಪಾದಚಾರಿಯ ಸಮೀಪದಲ್ಲಿಯೇ ಹೊರಬರುತ್ತವೆ. ವಿದ್ಯುತ್ ವಾಹನವು ನಿಂತಾಗ ಅದರ ಮೋಟಾರೂ ನಿಂತಿರುತ್ತದೆ. ಬ್ರೇಕಿನ ಸವೆತವೂ ಕಡಿಮೆ. ಟೈರಿನ ಧೂಳು ಮಾತ್ರ ಭಾರದ ಕಾರಣದಿಂದ ಕೊಂಚ ಹೆಚ್ಚಾದೀತು. ಆದರೆ ಬೆಂಗಳೂರಿನ ಗಾಳಿಯು ತಿಳಿಯಾಗುವುದಕ್ಕಾಗಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿರುವ ರಾಯಚೂರಿನ ಶಕ್ತಿನಗರದವರು ಹೆಚ್ಚು ಹಾರುಬೂದಿಯನ್ನು ಉಸಿರಾಡಬೇಕೆಂದರೆ ಅದು ನ್ಯಾಯವಲ್ಲ. ಲಕ್ಷಾಂತರ ಎಂಜಿನುಗಳ ಹೊಗೆಯನ್ನು ಶೋಧಿಸುವುದಕ್ಕಿಂತ ಒಂದು ಚಿಮಣಿಯ ಹೊಗೆಯನ್ನು ಶೋಧಿಸುವುದು ಎಷ್ಟೋ ಸುಲಭವಾದ್ದರಿಂದ, ಆ ಕೆಲಸವನ್ನು ಕಟ್ಟುನಿಟ್ಟಾಗಿ ಮಾಡಿಸುವುದು ವಿದ್ಯುತ್ ಕಾರಿನಲ್ಲಿ ಕುಳಿತವರೆಲ್ಲರ ಕರ್ತವ್ಯವೆಂದು ತಿಳಿಯಬೇಕು.

ವ್ಯಾವಹಾರಿಕ ಮಿತಿಗಳಲ್ಲಿ ಮೊದಲನೆಯದು ಕಾಲ. ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಮೂರು ಯೂನಿಟ್ಟಿನಷ್ಟು ಮಾತ್ರ ತುಂಬುವುದರಿಂದ 30 ಯೂನಿಟ್ಟಿನ ಬ್ಯಾಟರಿಗೆ ಇಡೀ ರಾತ್ರಿಯು ಬೇಕು. ಹೆದ್ದಾರಿಯ ವೇಗದ ಚಾರ್ಜರಿನಲ್ಲಿ ಒಂದು ಗಂಟೆಯಲ್ಲಿ ಮುಕ್ಕಾಲು ಪಾಲು ತುಂಬಬಹುದಾದರೂ ಕೊನೆಯ ಐದನೆಯ ಒಂದು ಪಾಲು ನಿಧಾನವಾಗಿಯೇ ಸಾಗುತ್ತದೆ. ಏಕೆಂದರೆ ಲಿಥಿಯಂ ಅಯಾನುಗಳನ್ನು ಅವಸರದಿಂದ ತುರುಕಿದರೆ ಅವು ಬ್ಯಾಟರಿಯೊಳಗಿನ ಗ್ರಾಫೈಟಿನ ಪದರಗಳೊಳಗೆ ಸೇರದೆ ಮೇಲೆಯೇ ಲೋಹವಾಗಿ ಲೇಪಗೊಂಡು ಬ್ಯಾಟರಿಯನ್ನು ಕೆಡಿಸುತ್ತವೆ. ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರು ದೂರದ ಮಂಗಳೂರಿಗೆ ಸಣ್ಣ ಕಾರಿನಲ್ಲಿ ಹೊರಟವರು ಈ ಕಾರಣದಿಂದ ದಾರಿಯ ಊಟವನ್ನೂ ಚಾರ್ಜನ್ನೂ ಒಟ್ಟಿಗೆ ಯೋಜಿಸಿಕೊಳ್ಳಬೇಕಾಗುತ್ತದೆ. ಎರಡನೆಯದು ಉಷ್ಣ: ಕಲಬುರಗಿ, ರಾಯಚೂರುಗಳ 40 ಡಿಗ್ರಿ ಮೀರಿದ ಬೇಸಗೆಯಲ್ಲಿ ಬ್ಯಾಟರಿಯ ಒಳಗಿನ ಅನಪೇಕ್ಷಿತ ರಾಸಾಯನಿಕ ಕ್ರಿಯೆಗಳು ಚುರುಕಾಗಿ ಅದರ ಮುಪ್ಪು ಬೇಗ ಬರುತ್ತದೆ, ನೆರಳಿನಲ್ಲಿ ನಿಲ್ಲಿಸುವುದು ಅಲ್ಲಿ ಔಷಧಕ್ಕೆ ಸಮಾನ. ಮೂರನೆಯದು ಸ್ಥಳ. ಸ್ವಂತ ಮನೆಯ ಅಂಗಳವಿದ್ದವರಿಗೆ ಚಾರ್ಜು ಮಾಡುವುದು ಕಷ್ಟವಲ್ಲ. ಬಾಡಿಗೆಮನೆಯ ಮುಂದೆ ಬೀದಿಯಲ್ಲಿ ನಿಲ್ಲಿಸುವವರಿಗೂ, ಹತ್ತು ಕಾರುಗಳು ಏಕಕಾಲದಲ್ಲಿ 33 ಕಿಲೋವ್ಯಾಟ್ ಎಳೆದರೆ ಟ್ರಾನ್ಸ್‌ಫಾರ್ಮರೇ ತಡೆಯದ ಹಳೆಯ ಅಪಾರ್ಟ್‌ಮೆಂಟುಗಳವರಿಗೂ ಅದು ನಿಜವಾದ ತೊಡಕು.

ಕರ್ನಾಟಕದ ಮಟ್ಟಿಗೆ ಒಂದು ವಿಶೇಷ ಅನುಕೂಲವಿದೆ, ಮತ್ತು ಅದನ್ನು ನಾವು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಮಳೆ ಕೈಕೊಟ್ಟ ರೈತರಿಂದ ಗುತ್ತಿಗೆಗೆ ಪಡೆದ ಭೂಮಿಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರಸ್ಥಾವರವು ನಿಂತಿದೆ. ಅದರ ವಿದ್ಯುತ್ತು ನಡುಹಗಲಿನಲ್ಲಿ ಉಕ್ಕುತ್ತದೆ. ನಮ್ಮ ಕಾರುಗಳಾದರೋ ಆ ಹೊತ್ತಿನಲ್ಲಿ ಕಚೇರಿಗಳ ಮುಂದೆ ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದು, ಸಂಜೆ ಮನೆಗೆ ಬಂದಮೇಲೆ, ಸೂರ್ಯನು ಮುಳುಗಿ ಕಲ್ಲಿದ್ದಲಿನ ಉಪಯೋಗವು ಏರಿದ ಸಮಯದಲ್ಲಿ, ಪ್ಲಗ್ಗಿಗೆ ಅಂಟಿಕೊಳ್ಳುತ್ತವೆ. ಕಾರು ನಿಲ್ಲುವ ಕಚೇರಿಯ ಅಂಗಳಕ್ಕೆ ತಂತಿಯನ್ನೆಳೆದು, ಹಗಲಿನ ದರವನ್ನು ರಾತ್ರಿಯದಕ್ಕಿಂತ ಇಳಿಸಿದರೆ, ಹೊಸ ಆವಿಷ್ಕಾರವೊಂದೂ ಇಲ್ಲದೆ ಆ 140 ಗ್ರಾಮಿನ ಬಹುಪಾಲನ್ನು ತೆಗೆದುಹಾಕಬಹುದು. ದಿನಕ್ಕೆ 200 ಕಿಲೋಮೀಟರಿನಷ್ಟು ಓಡುತ್ತ ನೂರಾರು ಮಂದಿಯನ್ನು ಹೊರುವ ನಗರದ ವಿದ್ಯುತ್ ಬಸ್ಸುಗಳಿಗೂ, ದಿನವಿಡೀ ಸಂಚರಿಸುವ ಆಟೋಗಳಿಗೂ ಸರ್ಕಾರದ ಸಹಾಯಧನವು ಖಾಸಗಿ ಕಾರುಗಳಿಗಿಂತ ಮೊದಲು ಸಲ್ಲಬೇಕೆಂದು ಹೇಳುವುದಕ್ಕೆ ಹಿಂದೆ ಮಾಡಿದ ಸಾಲದ ಲೆಕ್ಕವೇ ಆಧಾರ. ಬ್ಯಾಟರಿಯ ಸಾಲವನ್ನು ಬೇಗ ತೀರಿಸಬಲ್ಲವು ಅವೇ. ರಸ್ತೆಯ ದಟ್ಟಣೆಯನ್ನು ಕಡಿಮೆಮಾಡಬಲ್ಲದ್ದಂತೂ ಬಸ್ಸು ಮಾತ್ರ. ವಿದ್ಯುತ್ತಿನಿಂದ ಓಡಿದರೂ ಒಬ್ಬನೇ ಕುಳಿತ ಕಾರು ರಸ್ತೆಯಲ್ಲಿ ಹಿಡಿಯುವ ಜಾಗವು ಅಷ್ಟೇ ಆಗಿರುತ್ತದೆ.

ಆದುದರಿಂದ ಕಾರನ್ನು ಕೊಳ್ಳಹೊರಟಿರುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮೊದಲು ತಾವು ವರ್ಷಕ್ಕೆ ಎಷ್ಟು ದೂರ ಸಂಚರಿಸುವಿರೆಂಬುದನ್ನು ಲೆಕ್ಕಹಾಕಿರಿ. ಅದು ನಾಲ್ಕೈದು ಸಾವಿರ ಕಿಲೋಮೀಟರುಗಳೊಳಗಿದ್ದರೆ ಇರುವ ಕಾರನ್ನೇ ಉಳಿಸಿಕೊಂಡು ಸಾಧ್ಯವಾದಾಗಲೆಲ್ಲ ಬಸ್ಸನ್ನೋ ಮೆಟ್ರೋವನ್ನೋ ಹತ್ತಿರಿ; ಅದಕ್ಕಿಂತ ಬಹಳ ಹೆಚ್ಚಾಗಿದ್ದರೆ ವಿದ್ಯುತ್ ಕಾರನ್ನು ನಿಸ್ಸಂಕೋಚವಾಗಿ ಕೊಳ್ಳಿರಿ, ಆದರೆ ತಮ್ಮ ನಿತ್ಯದ ಓಟಕ್ಕೆ ಸಾಲುವಷ್ಟೇ ಬ್ಯಾಟರಿಯುಳ್ಳ ಚಿಕ್ಕ ಕಾರನ್ನು ಆರಿಸಿಕೊಳ್ಳಿರಿ, ಮತ್ತು ತಾವು ಕೆಲಸ ಮಾಡುವ ಸ್ಥಳದಲ್ಲಿ ಹಗಲು ಚಾರ್ಜು ಮಾಡುವ ವ್ಯವಸ್ಥೆಯು ಬೇಕೆಂದು ಲಿಖಿತವಾಗಿ ಕೇಳಿರಿ.