ಅಪ್ಪನ ಐದು ವಾರದ ರಿಹ್ಯಾಬ್: ಒಳಗೆ ಏನೇನು ನಡೆಯುತ್ತೆ?

‘ಅಪ್ಪನ್ನ ರಿಹ್ಯಾಬ್‌ಗೆ ಸೇರಿಸಿದ್ದೀವಿ’ ಅಂದ ಕೂಡಲೇ ಫೋನಿನ ಆ ಕಡೆಯವರು ಒಂದು ಕ್ಷಣ ಸುಮ್ಮನಾಗಿಬಿಡ್ತಾರೆ. ‘ಅಲ್ಲಪ್ಪಾ, ಮೇಷ್ಟ್ರಿಗೆ ಕುಡಿಯೋ ಅಭ್ಯಾಸ ಇತ್ತಾ?’ ಅಂತ ನೇರವಾಗಿ ಕೇಳಿದವರೂ ಉಂಟು. ನಮ್ಮಲ್ಲಿ ಆ ಪದ ಕುಡಿತ ಬಿಡಿಸುವ ಕೇಂದ್ರಕ್ಕೇ ಅಂಟಿಕೊಂಡಿದೆ. ಆದರೆ ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು, ತಲೆಗೆ ಬಿದ್ದ ಏಟು, ಇಂಥವುಗಳ ನಂತರ ದೇಹಕ್ಕೆ ಅದರ ಕೆಲಸಗಳನ್ನು ಮತ್ತೆ ಕಲಿಸುವ ವಾರ್ಡಿಗೂ ಅದೇ ಹೆಸರು. ಕನ್ನಡದಲ್ಲಿ ಪುನಶ್ಚೇತನ ಚಿಕಿತ್ಸೆ ಅಂತಾರೆ.

ನಮ್ಮಪ್ಪ ತಿಪಟೂರು ಕಡೆಯ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿ ನಿವೃತ್ತರಾದವರು. ವಯಸ್ಸು ಅರವತ್ತಮೂರು. ಕಳೆದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ, ಬಲಗಾಲು, ಜೊತೆಗೆ ಮಾತು ಹೋಯಿತು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವೈದ್ಯಕೀಯದ ಗಂಧಗಾಳಿ ಇಲ್ಲ. ಆ ಐದು ವಾರದಲ್ಲಿ ಕಂಡದ್ದು, ಕೇಳಿದ್ದು, ಬರೆದಿಟ್ಟುಕೊಂಡದ್ದನ್ನ ಇಲ್ಲಿ ಹಂಚಿಕೊಳ್ತಿದ್ದೀನಿ. ನಿಮ್ಮ ಮನೆಗೆ ಇಂಥ ಪರಿಸ್ಥಿತಿ ಬಾರದಿರಲಿ. ಬಂದರೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತೆ ಆಗದಿರಲಿ ಅನ್ನೋದಷ್ಟೇ ಆಸೆ.

ಮನೆಗೋ, ರಿಹ್ಯಾಬ್‌ಗೋ?

ಒಂಬತ್ತನೇ ದಿನ ಆಸ್ಪತ್ರೆಯವರು ‘ಪೇಷಂಟ್ ಸ್ಟೇಬಲ್, ಡಿಸ್ಚಾರ್ಜ್ ಮಾಡ್ತೀವಿ’ ಅಂದರು. ಜೀವಕ್ಕೆ ಅಪಾಯವಿಲ್ಲ ಅನ್ನೋದು ಅದರ ಅರ್ಥ. ಆದರೆ ಅಪ್ಪನಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸೋಕೂ ಆಗ್ತಿರಲಿಲ್ಲ. ಚಿಕ್ಕಪ್ಪ ಊರಿಂದ ಕಾರು ತಂದಿದ್ದರು. ‘ಲಕ್ವಕ್ಕೆ ಎಣ್ಣೆ ಹಚ್ಚೋರು ನಮ್ಮ ಕಡೆ ಇದ್ದಾರೆ, ಇಲ್ಲ್ಯಾಕೆ ದುಡ್ಡು ಸುರೀತೀಯ?’ ಅನ್ನೋದು ಅವರ ವಾದ. ಪ್ರೀತಿಯಿಂದಲೇ ಹೇಳಿದ್ದು.

ಅಲ್ಲಿನ ನರರೋಗ ವೈದ್ಯರು ಹೇಳಿದ ಒಂದು ಮಾತು ನಿರ್ಧಾರಕ್ಕೆ ಸಹಾಯ ಮಾಡಿತು. ಸತ್ತ ನರಕೋಶ ಮತ್ತೆ ಹುಟ್ಟೋದಿಲ್ಲ. ಆದರೆ ಉಳಿದ ಭಾಗಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು ಆ ಕೆಲಸದಲ್ಲಿ ಒಂದಿಷ್ಟನ್ನ ಕಲಿತುಕೊಳ್ಳಬಲ್ಲವು. ಈ ಕಲಿಕೆ ಅತಿ ವೇಗವಾಗಿ ನಡೆಯೋದು ಮೊದಲ ಮೂರು ತಿಂಗಳಲ್ಲಿ. ಆಮೇಲೂ ಸುಧಾರಣೆ ಇರುತ್ತೆ, ವೇಗ ಕಡಿಮೆ. ಕಲಿಕೆಗೆ ಬೇಕಾದದ್ದು ಒಂದೇ ಚಲನೆಯನ್ನ ನೂರಾರು ಸಲ ಸರಿಯಾಗಿ ಮಾಡೋದು. ಅದನ್ನ ಮಾಡಿಸೋಕೆ ಗೊತ್ತಿರುವವರು ಬೇಕು.

ನಮ್ಮ ದೇಶದಲ್ಲಿ ಈ ಶಾಖೆಗೆ ಅಡಿಪಾಯ ಹಾಕಿದವರಲ್ಲಿ ಡಾ. ಮೇರಿ ವರ್ಗೀಸ್ ಪ್ರಮುಖರು. 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಅವರು, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕ್‌ನಲ್ಲಿ ತರಬೇತಿ ಪಡೆದು ಬಂದು ವೆಲ್ಲೂರಿನ ಸಿಎಂಸಿಯಲ್ಲಿ ಈ ವಿಭಾಗ ಕಟ್ಟಿದರು. ಅಲ್ಲಿನ ಪುನಶ್ಚೇತನ ಸಂಸ್ಥೆ ಶುರುವಾದದ್ದು 1966ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನರರೋಗಿಗಳಿಗೆ ಪ್ರತ್ಯೇಕ ಪುನಶ್ಚೇತನ ವಿಭಾಗ ಇದೆ. ಈಗ ಖಾಸಗಿ ಕೇಂದ್ರಗಳೂ ಹಲವು ಬಂದಿವೆ. ನಾವು ಹೋದದ್ದು ಅಂಥ ಒಂದಕ್ಕೆ.

ಮೊದಲ ಎರಡು ದಿನ ಬರೀ ಪರೀಕ್ಷೆ

ಸೇರಿದ ದಿನವೇ ವ್ಯಾಯಾಮ ಶುರುವಾಗುತ್ತೆ ಅಂತ ಕಾಯಬೇಡಿ. ಮೊದಲು ಒಬ್ಬೊಬ್ಬರಾಗಿ ಬಂದು ಅಳೀತಾರೆ. ಪುನಶ್ಚೇತನ ವೈದ್ಯರು ತಂಡದ ಮುಖ್ಯಸ್ಥರು. ಕಾಲು, ನಡಿಗೆ, ಸಮತೋಲನ ನೋಡೋರು ಫಿಸಿಯೋಥೆರಪಿಸ್ಟ್. ಊಟ, ಸ್ನಾನ, ಬಟ್ಟೆಯಂಥ ದಿನನಿತ್ಯದ ಕೆಲಸ ಕಲಿಸೋರು ಆಕ್ಯುಪೇಷನಲ್ ಥೆರಪಿಸ್ಟ್, ಎಲ್ಲರೂ ‘ಓಟಿಯವರು’ ಅಂತಾರೆ. ಮಾತು ಮತ್ತು ನುಂಗುವಿಕೆಗೆ ಸ್ಪೀಚ್ ಥೆರಪಿಸ್ಟ್. ಇವರ ಜೊತೆ ನರ್ಸ್‌ಗಳು, ಮನಃಶಾಸ್ತ್ರಜ್ಞರು, ಆಹಾರ ತಜ್ಞರು.

ಇವರೆಲ್ಲ ಸೇರಿ ಅಂಕ ಹಾಕ್ತಾರೆ. ಅಪ್ಪನಿಗೆ ಬಳಸಿದ್ದು ಬಾರ್ತೆಲ್ ಸೂಚ್ಯಂಕ. ತಿನ್ನೋದು, ಸ್ನಾನ, ಬಟ್ಟೆ ಹಾಕೋದು, ಮಲಮೂತ್ರದ ಹಿಡಿತ, ಹಾಸಿಗೆಯಿಂದ ಕುರ್ಚಿಗೆ ಹೋಗೋದು, ನಡೆಯೋದು, ಮೆಟ್ಟಿಲು, ಹೀಗೆ ಹತ್ತು ವಿಷಯ, ಒಟ್ಟು 100 ಅಂಕ. ಜೀವಮಾನವೆಲ್ಲ ಮಕ್ಕಳಿಗೆ ಅಂಕ ಹಾಕಿದ ಮೇಷ್ಟ್ರಿಗೆ ಬಂದದ್ದು 30. ಆ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣೋದಿಲ್ಲ, ಅಂಕದಲ್ಲಿ ಕಾಣುತ್ತೆ.

ಪರೀಕ್ಷೆ ಮುಗಿದ ಮೇಲೆ ಮನೆಯವರನ್ನ ಕೂರಿಸಿಕೊಂಡು ಗುರಿ ಕೇಳ್ತಾರೆ. ‘ಮೊದಲಿನ ಥರ ಆಗಬೇಕು’ ಅನ್ನೋದನ್ನ ಅವರು ಗುರಿ ಅಂತ ಬರೆದುಕೊಳ್ಳೋದಿಲ್ಲ. ‘ಒಬ್ಬರ ಆಸರೆಯಲ್ಲಿ ಬಚ್ಚಲಮನೆಗೆ ಹೋಗಿಬರಬೇಕು’ ಅಂದರೆ ಬರೆದುಕೊಳ್ತಾರೆ. ಅಮ್ಮ ಹೇಳಿದ್ದು ಅದನ್ನೇ.

ದಿನ ಹೇಗಿರುತ್ತೆ?

ಆರು ಗಂಟೆಗೆ ನರ್ಸ್ ಬಂದು ಬಿಪಿ, ಶುಗರ್ ನೋಡ್ತಾರೆ. ತಿಂಡಿಯ ನಂತರ ಒಂದು ಗಂಟೆ ಫಿಸಿಯೋ, ಸ್ವಲ್ಪ ವಿಶ್ರಾಂತಿ, ಮತ್ತೆ ಮುಕ್ಕಾಲು ಗಂಟೆ ಓಟಿ. ಊಟ, ನಿದ್ದೆ. ಮಧ್ಯಾಹ್ನ ಸ್ಪೀಚ್, ಸಂಜೆ ಮತ್ತೊಂದು ಸುತ್ತು ಫಿಸಿಯೋ. ಬ್ರಿಟನ್ನಿನ 2023ರ ಮಾರ್ಗಸೂಚಿ ದಿನಕ್ಕೆ ಕನಿಷ್ಠ ಮೂರು ಗಂಟೆ, ವಾರಕ್ಕೆ ಐದು ದಿನವಾದರೂ ಚಿಕಿತ್ಸೆ ಇರಲಿ ಅನ್ನುತ್ತೆ. ನೀವು ನೋಡುವ ಕೇಂದ್ರದಲ್ಲಿ ದಿನಕ್ಕೆ ಅರ್ಧ ಗಂಟೆ ಫಿಸಿಯೋ ಮಾತ್ರ ಅಂದರೆ, ಇನ್ನೊಂದು ಕಡೆ ವಿಚಾರಿಸೋದು ಒಳ್ಳೇದು.

ಮೊದಲ ವಾರ ರೋಗಿ ಸುಸ್ತಾಗಿ ಕೂತಲ್ಲೇ ನಿದ್ದೆ ಹೋಗ್ತಾರೆ. ಗಾಬರಿ ಬೇಡ. ಪೆಟ್ಟು ತಿಂದ ಮಿದುಳಿಗೆ ಕಾಲು ಎತ್ತೋದೂ ದೊಡ್ಡ ಕೆಲಸ. ಕಾಲು ಸಾಮಾನ್ಯವಾಗಿ ಕೈಗಿಂತ ಮೊದಲು ಚೇತರಿಸಿಕೊಳ್ಳುತ್ತೆ. ಅಪ್ಪ ಎರಡನೇ ವಾರ ಸಮಾನಾಂತರ ಕಂಬಿಗಳ ನಡುವೆ ನಿಂತರು, ನಾಲ್ಕನೇ ವಾರ ಪಾದಕ್ಕೆ ಸ್ಪ್ಲಿಂಟ್ ಹಾಕಿಕೊಂಡು ಊರುಗೋಲು ಹಿಡಿದು ಹತ್ತು ಹೆಜ್ಜೆ ನಡೆದರು. ಬಲಗೈ ಮಾತ್ರ ಹಟ ಹಿಡಿದು ಕೂತಿತು.

ಎಡಗೈ ಊಟದ ಪ್ರಶ್ನೆ

ಇದನ್ನ ಯಾವ ಮಾಹಿತಿ ಪುಸ್ತಿಕೆಯಲ್ಲೂ ನಾನು ಓದಿರಲಿಲ್ಲ. ಬಲಗೈ ಬರದವರು ಎಡಗೈಯಲ್ಲಿ ಉಣ್ಣಬೇಕು. ಅಪ್ಪ ಎರಡು ದಿನ ತಟ್ಟೆ ಮುಟ್ಟಲಿಲ್ಲ. ಎಡಗೈಯಲ್ಲಿ ಉಣ್ಣೋ ಮಕ್ಕಳನ್ನ ತಾವೇ ಗದರಿದ ಕಾಲದವರು ಅವರು. ಶೌಚಕ್ಕೂ ಅದೇ ಕೈ, ಊಟಕ್ಕೂ ಅದೇ ಕೈ ಅನ್ನೋದು ಅವರಿಗೆ ನುಂಗಲಾರದ ತುತ್ತು.

ಓಟಿಯವರು ವಾದ ಮಾಡಲಿಲ್ಲ. ಶೌಚಕ್ಕೆ ನೀರಿನ ಜೆಟ್ ಬಳಸೋದನ್ನ ಮೊದಲು ಅಭ್ಯಾಸ ಮಾಡಿಸಿದರು. ಆಮೇಲೆ ದಪ್ಪ ಹಿಡಿಕೆಯ ಚಮಚ ಎಡಗೈಗೆ ಕೊಟ್ಟು, ಬಲಗೈಯನ್ನ ತಟ್ಟೆಯ ಅಂಚಿನ ಮೇಲೆ ಇಡಿಸಿದರು. ‘ಮೇಷ್ಟ್ರೇ, ಉಣ್ಣೋದು ಬಲಗೈಯೇ, ಎಡಗೈ ಸಹಾಯ ಮಾಡ್ತಿದೆ’ ಅಂದರು. ಮೂರನೇ ದಿನ ಅಪ್ಪ ಉಂಡರು. ಬಟ್ಟೆಗೂ ಹೀಗೇ ಉಪಾಯಗಳಿವೆ. ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ. ಪಂಚೆಗೆ ವೆಲ್ಕ್ರೋ ಹೊಲಿಸಿದರೆ ಒಂದೇ ಕೈಯಲ್ಲಿ ಉಡಬಹುದು.

ನುಂಗೋದು, ಮಾತಾಡೋದು

ಲಕ್ವದ ನಂತರ ನುಂಗುವ ಸ್ನಾಯುಗಳೂ ಸೋತಿರಬಹುದು. ಆಗ ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯ ಇದೆ. ಗಟ್ಟಿ ಆಹಾರಕ್ಕಿಂತ ತೆಳು ನೀರೇ ಹೆಚ್ಚು ತೊಂದರೆ ಕೊಡೋದು ಉಂಟು. ಹಾಗಾಗಿ ಸ್ಪೀಚ್ ಥೆರಪಿಸ್ಟ್ ಪರೀಕ್ಷಿಸಿ ಹೇಳುವವರೆಗೆ ನೋಡಲು ಬಂದವರು ಪ್ರೀತಿಯಿಂದ ಎಳನೀರು ಕುಡಿಸೋ ಹಾಗಿಲ್ಲ. ಅಪ್ಪನಿಗೆ ಮೂಗಿನ ನಳಿಕೆ ತೆಗೆದ ಮೇಲೆ ಮಂದವಾದ ರಾಗಿ ಗಂಜಿಯಿಂದ ಶುರುಮಾಡಿದರು. ನೆಟ್ಟಗೆ ಕೂರಿಸಿ, ಗದ್ದ ತಗ್ಗಿಸಿ, ಚಿಕ್ಕ ಚಿಕ್ಕ ತುತ್ತು. ಉಂಡ ಮೇಲೆ ಅರ್ಧ ಗಂಟೆ ಮಲಗಿಸೋ ಹಾಗಿಲ್ಲ. ಮುದ್ದೆಗೆ ಐದು ವಾರವೂ ಅನುಮತಿ ಸಿಗಲಿಲ್ಲ.

ಮಾತಿನದು ಬೇರೆಯೇ ಕಥೆ. ಅಪ್ಪನಿಗೆ ನಾವು ಹೇಳೋದು ಬಹುಪಾಲು ಅರ್ಥ ಆಗ್ತಿತ್ತು, ಪದ ಮಾತ್ರ ಬರ್ತಿರಲಿಲ್ಲ. ಇದಕ್ಕೆ ಅಫೇಸಿಯಾ ಅಂತಾರೆ. ಕೆಟ್ಟಿರೋದು ಭಾಷೆಯ ದಾರಿ, ಬುದ್ಧಿ ಹಾಗೇ ಇರುತ್ತೆ. ಅವರ ಮುಂದೆ ಅವರಿಗೆ ಕೇಳಿಸದವರ ಹಾಗೆ ಮಾತಾಡಬಾರದು. ಒಂದು ದಿನ ಥೆರಪಿಸ್ಟ್ ‘ಎರಡೊಂದ್ಲೆ’ ಅಂತ ಶುರುಮಾಡಿ ನಿಲ್ಲಿಸಿದರು. ಅಪ್ಪ ‘ಎರಡು’ ಅಂದರು. ಆಮೇಲೆ ‘ಎರಡೆರಡ್ಲೆ ನಾಲ್ಕು, ಎರಡ್ಮೂರ್ಲೆ ಆರು...’ ಮಗ್ಗಿ ಹತ್ತರವರೆಗೂ ಹರಿದುಬಂತು. ‘ನೀರು’ ಅನ್ನೋಕೆ ಆಗದ ಬಾಯಿ! ಬಾಯಿಪಾಠವಾದ ಮಗ್ಗಿ, ವಾರದ ಹೆಸರು, ಹಾಡು ಇವೆಲ್ಲ ಹೊಸದಾಗಿ ಪದ ಹುಡುಕಿ ಆಡುವ ಮಾತಿಗಿಂತ ಚೆನ್ನಾಗಿ ಉಳಿಯೋದು ಅಪರೂಪವಲ್ಲವಂತೆ. ಅದನ್ನೇ ಮೆಟ್ಟಿಲು ಮಾಡಿಕೊಂಡು ಪದಗಳನ್ನ ಕರೀತಾರೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಚಿಕಿತ್ಸೆ ಇದೆ. ಆ ಕಡೆಯವರು ಮರೆಯದೇ ವಿಚಾರಿಸಿ.

ಅಳು ಬರುತ್ತೆ, ಸಿಟ್ಟೂ ಬರುತ್ತೆ

ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ. ಕೆಲವರಿಗೆ ಕಾರಣವಿಲ್ಲದೆ ಅಳು ಅಥವಾ ನಗು ಉಕ್ಕುತ್ತೆ. ಅದು ಮಿದುಳಿನ ಗಾಯದ ಭಾಗ. ಮೂರನೇ ವಾರ ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಥೆರಪಿಗೆ ಏಳಲಿಲ್ಲ. ‘ಧೈರ್ಯ ತಂದ್ಕೊಳ್ಳಿ’ ಅಂತ ನಾವು ಹೇಳಿದ ಹಾಗೆಲ್ಲ ಇನ್ನಷ್ಟು ಮುದುಡಿದರು. ಮನಃಶಾಸ್ತ್ರಜ್ಞರು ನೋಡಿ, ವೈದ್ಯರು ಮಾತ್ರೆ ಶುರುಮಾಡಿದರು. ಹತ್ತು ಹನ್ನೆರಡು ದಿನಕ್ಕೆ ಮುಖ ತಿಳಿಯಾಯಿತು. ರೋಗಿ ‘ಸೋಮಾರಿ’ ಆದ ಹಾಗೆ ಕಂಡರೆ ತಂಡಕ್ಕೆ ತಕ್ಷಣ ಹೇಳಿ. ಖಿನ್ನತೆ ಇದ್ದಾಗ ಯಾವ ವ್ಯಾಯಾಮವೂ ಹತ್ತೋದಿಲ್ಲ.

ಜೊತೆಗಿರುವವರಿಗೂ ಪಾಠ

ಅಮ್ಮ ಐದು ವಾರವೂ ಅಲ್ಲೇ ಇದ್ದರು. ಅವರ ಪಾಲಿಗೆ ಅದೊಂದು ಟ್ರೈನಿಂಗ್. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಿಗೆ ಹಾಸಿಗೆ ಹುಣ್ಣು. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತೆ. ಸೊಂಟದ ಬೆಲ್ಟ್ ಹಿಡಿದು, ನಮ್ಮ ಮೊಣಕಾಲು ಬಗ್ಗಿಸಿ ಎಬ್ಬಿಸಬೇಕು. ಅಮ್ಮನಿಗೆ ಸೊಂಟ ನೋವು ಇದೆ, ಹಾಗಾಗಿ ಅವರ ಮೈಗೆ ಹೊಂದುವ ಹಾಗೆ ಬೇರೆ ವಿಧಾನ ತೋರಿಸಿದರು. ವಾರಕ್ಕೆ ಎರಡು ರಾತ್ರಿ ನಾನು ಮಲಗ್ತಿದ್ದೆ, ಅಮ್ಮ ಮನೆಗೆ ಹೋಗಿ ನಿದ್ದೆ ಮಾಡ್ತಿದ್ದರು. ನೋಡಿಕೊಳ್ಳುವವರು ಬಿದ್ದರೆ ಇಡೀ ಮನೆ ಬೀಳುತ್ತೆ.

ದುಡ್ಡಿನ ಲೆಕ್ಕ

ನಮ್ಮ ಕಂಪನಿಯ ವಿಮೆ ಮೊದಲ ಒಂಬತ್ತು ದಿನದ ಬಿಲ್ಲು ಕೊಟ್ಟಿತು, ರಿಹ್ಯಾಬ್ ವಾಸದ್ದನ್ನ ತಿರಸ್ಕರಿಸಿತು. ಬಹಳ ಪಾಲಿಸಿಗಳಲ್ಲಿ ಹೀಗೇ. ಆದರೆ ಡಿಸ್ಚಾರ್ಜ್ ನಂತರದ 30, 60 ಅಥವಾ 90 ದಿನದ ಖರ್ಚು ಕೊಡುವ ಕಲಮು ಸಾಮಾನ್ಯವಾಗಿ ಇರುತ್ತೆ. ವೈದ್ಯರ ಲಿಖಿತ ಸಲಹೆ ಇದ್ದರೆ ಫಿಸಿಯೋ, ಮಾತ್ರೆಗಳ ಖರ್ಚು ಅದರಡಿ ಸಿಗುವ ಸಾಧ್ಯತೆ ಇದೆ. ನಮಗೆ ಸಿಕ್ಕಿದ್ದು ಹಾಗೇ. ಉಳಿದದ್ದಕ್ಕೆ ನನ್ನ ಉಳಿತಾಯ ಹೋಯಿತು. ಮುಂದೆ ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಇಲ್ಲ ಅಂತ ಪ್ರಮಾಣೀಕರಿಸಿದರೆ, ಯುಡಿಐಡಿ ಕಾರ್ಡ್‌ನೊಂದಿಗೆ 2016ರ ಕಾಯ್ದೆಯಡಿಯ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು.

ಮನೆಗೆ ಹೋಗುವ ಮುನ್ನ

ಡಿಸ್ಚಾರ್ಜ್‌ಗೆ ಹತ್ತು ದಿನ ಮೊದಲೇ ಓಟಿಯವರು ಮನೆಯ ಫೋಟೊ ಕೇಳಿದರು. ನಮ್ಮ ಊರಿನ ಮನೆಯಲ್ಲಿ ಎತ್ತರದ ಹೊಸ್ತಿಲು, ಹಿತ್ತಲಲ್ಲಿ ಕೂರುವ ಶೌಚಾಲಯ, ಜಾರುವ ಬಚ್ಚಲು. ಚಿಕ್ಕಪ್ಪನೇ ನಿಂತು ಕಮೋಡ್ ಹಾಕಿಸಿ, ಗೋಡೆಗೆ ಕಂಬಿ ಹೊಡೆಸಿ, ಹೊಸ್ತಿಲಿಗೆ ಇಳಿಜಾರು ಹಲಗೆ ಮಾಡಿಸಿದರು. ‘ಎಣ್ಣೆ ಹಚ್ಚಿಸಬಹುದಾ?’ ಅಂತ ವೈದ್ಯರನ್ನೂ ಕೇಳಿದರು. ‘ಮೃದುವಾಗಿ ಹಚ್ಚಿ, ಸೋತ ಭುಜ ಎಳೀಬೇಡಿ. ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಮಾತ್ರ ಒಂದು ಹೊತ್ತೂ ಬಿಡಬೇಡಿ’ ಅನ್ನೋ ಉತ್ತರ ಬಂತು. ಅಲ್ಲಿಗೆ ಮನೆಯೊಳಗಿನ ಜಗಳವೂ ಮುಗಿಯಿತು.

ಸೇರಿಸುವ ಮುನ್ನ ಕೇಳಿ

* ಪುನಶ್ಚೇತನ ವೈದ್ಯರು ದಿನಾ ಬರ್ತಾರಾ, ವಾರಕ್ಕೊಮ್ಮೆಯಾ?
* ದಿನಕ್ಕೆ ಯಾವ ಥೆರಪಿ ಎಷ್ಟು ಹೊತ್ತು? ಭಾನುವಾರ?
* ಸ್ಪೀಚ್ ಥೆರಪಿಸ್ಟ್‌ಗೆ ಕನ್ನಡ ಬರುತ್ತಾ? ಮಾತು ಹೋದವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ.
* ರಾತ್ರಿ ತುರ್ತಾದರೆ ಯಾವ ಆಸ್ಪತ್ರೆಗೆ ಕರೆದೊಯ್ತಾರೆ?
* ಪ್ಯಾಕೇಜ್‌ನಲ್ಲಿ ಏನು ಸೇರಿಲ್ಲ? ಡೈಪರ್, ಮಾತ್ರೆ, ಸ್ಪ್ಲಿಂಟ್ ಬೇರೆಯಾ?
* ಮನೆಯವರಿಗೆ ತರಬೇತಿ ಕೊಡ್ತಾರಾ? ಆಮೇಲೆ ಫಾಲೋಅಪ್ ಹೇಗೆ?

ಬಿಡುಗಡೆಯ ದಿನ ಅಪ್ಪನ ಅಂಕ 70. ಬಾರ್ತೆಲ್‌ನ ಆ ನೂರು ಅಂಕದಲ್ಲಿ ಮಾತಿಗೆ ಒಂದು ಅಂಕವೂ ಇಲ್ಲ ಅನ್ನೋದು ನನಗೆ ಆಮೇಲೆ ಹೊಳೆಯಿತು. ಈಗ ಎಂಟು ತಿಂಗಳು. ಊರುಗೋಲು ಹಿಡಿದು ಜಗುಲಿವರೆಗೆ ಒಬ್ಬರೇ ಬರ್ತಾರೆ. ಬಲಗೈ ಬೆರಳು ಮಡಚುತ್ತೆ, ಬಿಡಿಸೋಕೆ ಕಷ್ಟ. ಪದಗಳು ಒಂದೊಂದಾಗಿ ಬರ್ತಿವೆ. ಸಂಜೆ ಪಕ್ಕದ ಮನೆಯ ಮಕ್ಕಳು ಬಂದು ಮಗ್ಗಿ ಒಪ್ಪಿಸ್ತಾರೆ. ತಪ್ಪು ಹೇಳಿದರೆ ಅಪ್ಪ ಊರುಗೋಲನ್ನ ನೆಲಕ್ಕೆ ಕುಟ್ಟಿ ನಿಲ್ಲಿಸ್ತಾರೆ, ಸರಿಯಾದದ್ದನ್ನ ತಾವೇ ಹೇಳ್ತಾರೆ.