ಗಿರಿ ಇಳಿದ ಮೇಲೆ ಕಾಫಿ ಕಣಕ್ಕೂ ಬನ್ನಿ

ಚಿಕ್ಕಮಗಳೂರಿಗೆ ಬರುವ ಪ್ರವಾಸಿಗರ ಪಟ್ಟಿ ಬಹುತೇಕ ಒಂದೇ: ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕಳಸದ ಕಲಶೇಶ್ವರ, ಮೂಡಿಗೆರೆ ಸುತ್ತಿನ ಹೋಂಸ್ಟೇ. ಬೆಟ್ಟ ಹತ್ತಿ, ಕಾಫಿ ಕುಡಿದು, ಒಂದಿಷ್ಟು ಪುಡಿ ಕಟ್ಟಿಸಿಕೊಂಡು ಹೊರಡುತ್ತಾರೆ. ಗಿಡದ ಹಣ್ಣು ಪುಡಿಯಾಗುವವರೆಗಿನ ಕೆಲಸ ನೋಡಿದವರು ಕಡಿಮೆ. ಅದನ್ನು ನೋಡದೆ ಈ ಜಿಲ್ಲೆಯ ಪ್ರವಾಸ ಪೂರ್ತಿಯಾಗದು.

ಕಣದಲ್ಲಿ ಶುರು

ನೋಡುವುದನ್ನು ತೋಟದ ಕಣದಿಂದಲೇ ಶುರುಮಾಡಬೇಕು. ಅರೇಬಿಕಾ ಬಗೆಯ ಕಾಫಿ ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತಾರೆ. ಬೀಜಕ್ಕೆ ಅಂಟಿದ ಲೋಳೆ ಹುದುಗಿ ಸಡಿಲವಾದ ಮೇಲೆ ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಚೆರಿ. ಇನ್ನೊಂದು ಬಗೆಯಾದ ರೊಬಸ್ಟಾ ಹೆಚ್ಚಾಗಿ ಚೆರಿಯಾಗಿಯೇ ಒಣಗುತ್ತದೆ. ಪಾರ್ಚ್‌ಮೆಂಟ್‌ನ ತೇವಾಂಶ ಶೇ 10ಕ್ಕೆ, ರೊಬಸ್ಟಾ ಚೆರಿಯದು ಶೇ 11ಕ್ಕೆ ಇಳಿಯುವ ತನಕ ಹರಡಿದ್ದನ್ನು ಕೆದಕುತ್ತಲೇ ಇರಬೇಕು. ಈ ಹೊತ್ತಿನಲ್ಲಿ ಅಕಾಲಿಕ ಮಳೆ ಬಿದ್ದರೆ ಕಾಫಿಗೆ ಬೂಷ್ಟು ಹಿಡಿದು ವರ್ಷದ ದುಡಿಮೆಗೇ ಪೆಟ್ಟು.

ಕ್ಯೂರಿಂಗ್ ವರ್ಕ್ಸ್‌ನ ಒಳಗೆ

ಕಣದಿಂದ ಮೂಟೆಗಳು ಸಂಸ್ಕರಣೆಗಾಗಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತವೆ. ಹಿಂದೆ ಮಲೆನಾಡಿನ ಕಾಫಿ ಇದಕ್ಕಾಗಿ ಘಾಟಿ ಇಳಿದು ಮಂಗಳೂರು ಸೇರುತ್ತಿತ್ತು. ಈಗ ಚಿಕ್ಕಮಗಳೂರಿನಲ್ಲೇ ಹಲವು ವರ್ಕ್ಸ್‌ಗಳಿವೆ. ಯಂತ್ರ ಒಣಸಿಪ್ಪೆ ತೆಗೆಯುತ್ತದೆ, ಜರಡಿಗಳು ಗಾತ್ರ ನೋಡಿ ಬೀಜ ಬೇರ್ಪಡಿಸುತ್ತವೆ. ದಪ್ಪ ಬೀಜ ಎಎ, ಆಮೇಲೆ ಎ, ಬಿ, ಸಿ. ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡುಬೀಜ ಪಿಬಿ. 50 ಕೆ.ಜಿ. ಪಾರ್ಚ್‌ಮೆಂಟ್‌ಗೆ ಸುಮಾರು 40 ಕೆ.ಜಿ. ಸಿಪ್ಪೆ ತೆಗೆದ ಬೀಜ, ಅಂದರೆ ಕ್ಲೀನ್ ಕಾಫಿ ಸಿಕ್ಕರೆ, ಅಷ್ಟೇ ಚೆರಿಗೆ 25 ಕೆ.ಜಿ. ಆಸುಪಾಸು. ಈ ಔಟ್‌ಟರ್ನ್ ಲೆಕ್ಕದ ಮೇಲೆಯೇ ಬೆಳೆಗಾರನ ಕೈಸೇರುವ ಹಣ ನಿಂತಿದೆ.

ಬಣ್ಣ ಗುರುತಿಸುವ ಯಂತ್ರಗಳು ಬಂದಿದ್ದರೂ ಕಪ್ಪು, ಒಡಕು, ಹುಳುಕು ಬೀಜ ಆರಿಸುವ ಹೆಂಗಸರ ಕೆಲಸ ಮುಗಿದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಹೊರದೇಶಕ್ಕೆ ಹೋಗುತ್ತದೆ. ಅಲ್ಲಿ ನಮ್ಮ ಕಾಫಿಯ ಹೆಸರು ಉಳಿದಿರುವುದರಲ್ಲಿ ಈ ಕೈಗಳ ಪಾಲು ದೊಡ್ಡದು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಗೌರವ ಮಣ್ಣಿಗೆ ಸಂದಷ್ಟೇ ಈ ದುಡಿಮೆಗೂ ಸಲ್ಲಬೇಕು.

ಬಾಳೆಹೊನ್ನೂರಿನ ಕೊಡುಗೆ

ಕಣಕ್ಕೆ ಬರುವ ಹಣ್ಣಿನ ಹಿಂದೆ ತಳಿ ರೂಪಿಸಿದವರ ದುಡಿಮೆಯೂ ಇದೆ. ಇದೇ ಜಿಲ್ಲೆಯ ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಎಲೆತುಕ್ಕು ರೋಗ ತೋಟಗಳನ್ನು ಕಾಡುತ್ತಿದ್ದ ಕಾಲದಲ್ಲಿ ಇಲ್ಲಿ ಹುಟ್ಟಿದ ಎಸ್‌.795 ತಳಿಯನ್ನು ಬೆಳೆಗಾರರು ಇವತ್ತಿಗೂ ನೆಡುತ್ತಾರೆ.

ಹೋಗುವವರಿಗೆ

ಅರೇಬಿಕಾ, ರೊಬಸ್ಟಾ ಎರಡರ ಕೆಲಸವನ್ನೂ ನೋಡಲು ಡಿಸೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಕಣ ತೋರಿಸುವಂತೆ ಹೋಂಸ್ಟೇಯವರನ್ನೇ ಕೇಳಿ. ಕ್ಯೂರಿಂಗ್ ವರ್ಕ್ಸ್‌ಗೆ ಮೊದಲೇ ಅನುಮತಿ ಬೇಕು. ಅದು ಸಿಗದಿದ್ದರೆ ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯ ‘ಕಾಫಿ ಯಾತ್ರಾ’ ಮ್ಯೂಸಿಯಂ ಇದೆ. ಬೀಜದಿಂದ ಲೋಟದವರೆಗಿನ ಹಂತಗಳನ್ನು ಮಕ್ಕಳಿಗೂ ಅರ್ಥವಾಗುವಂತೆ ತೋರಿಸುತ್ತಾರೆ.

ಪುಡಿ ಕೊಳ್ಳುವಾಗ ಪೊಟ್ಟಣ ಓದಿ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಶೇ 49ರವರೆಗೂ ಚಿಕೋರಿ ಇರಲು ಕಾನೂನಿನಲ್ಲಿ ಅವಕಾಶವಿದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಕಡ್ಡಾಯ. ಇಷ್ಟೆಲ್ಲ ಕೈ ದಾಟಿ ಬಂದ ಬೀಜಕ್ಕೆ ತಕ್ಕ ಬೆಲೆ ಕೊಟ್ಟು, ಶುದ್ಧ ಕಾಫಿಯನ್ನೇ ಕೇಳಿ ಕೊಳ್ಳಿ.